ಜೊತೆಗೆ ಬಂದವರನ್ನು ಮೊದಲು ಹೊರಗೆ ಕಳಿಸಿ

"ಬಚ್ಚಲದಾಗ ಜಾರಿ ಬಿದ್ದಾಳ್ರಿ ಮೇಡಂ." ಕೈ ಮುರಿದದ್ದು ಹೆಂಡತಿಗೆ, ಉತ್ತರ ಕೊಟ್ಟದ್ದು ಗಂಡ. ರಾಯಚೂರಿನ ನಮ್ಮ ಒಪಿಡಿಯಲ್ಲಿ ಕಿರಿಯ ಡಾಕ್ಟರ್ ಅದನ್ನೇ ಚೀಟಿಯಲ್ಲಿ ಬರೆದುಕೊಂಡರು.

ನಾನು ಎಕ್ಸ್‌ರೇ ನೋಡಿದೆ. ಜಾರಿ ಬೀಳುವವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಮಣಿಕಟ್ಟಿನ ಹತ್ತಿರ ಎಲುಬು ಮುರಿಯುತ್ತದೆ. ಈಕೆಗೆ ಮುರಿದದ್ದು ಮುಂಗೈ ನಡುವೆ, ಕಿರುಬೆರಳಿನ ಕಡೆಯ ಎಲುಬು ಒಂದೇ. ತಲೆಗೆ ಬೀಳುವ ಏಟಿಗೆ ಕೈ ಅಡ್ಡ ಹಿಡಿದಾಗ ಹೀಗೆ ಮುರಿಯುತ್ತದೆ. ಎಕ್ಸ್‌ರೇ ಒಂದರಿಂದಲೇ ಹೊಡೆದಿದ್ದಾರೆ ಅಂತ ಹೇಳಲಾಗದು. ಆದರೆ ಕೇಳಬೇಕು.

ಎಲ್ಲಿ ಕೇಳುತ್ತೀರಿ ಅನ್ನುವುದೇ ನನ್ನ ತಕರಾರು. ಗಂಡನ ಎದುರಿಗೇ "ಏನಾಯ್ತವ್ವಾ?" ಅಂದರೆ ಆಕೆ ಏನು ಹೇಳಬೇಕು? ನೀವು ಕೇಳಿದ ತಪ್ಪಿಗೆ ಮನೆಗೆ ಹೋದ ಮೇಲೆ ಮತ್ತೆ ಏಟು ತಿನ್ನುವವಳು ಆಕೆ. ಅತ್ತೆ ಎದುರಿಗೂ ಬೇಡ. ಹೆತ್ತ ತಾಯಿ ಎದುರಿಗೂ ಬೇಡ, ಅವ್ವ ನೊಂದುಕೊಳ್ಳುತ್ತಾಳೆ ಅಂತ ಬಾಯಿ ಬಿಡದವರನ್ನು ಬಹಳ ನೋಡಿದ್ದೇನೆ. ಮಾತು ಬರುವ ಮಗುವನ್ನೂ ಸಿಸ್ಟರ್ ಹತ್ತಿರ ಬಿಡಿ. "ಎಕ್ಸ್‌ರೇ ರೂಮಿಗೆ ಬೇರೆಯವರು ಬರುವಂತಿಲ್ಲ" ಅನ್ನಿ, ಸಾಕು. ಬಾಗಿಲು ಹಾಕಿ. ಆಮೇಲೆ ಮೆಲ್ಲಗೆ "ಯಾರಾದರೂ ಹೊಡೆದರೇನವ್ವಾ?" ಅಂತ ಕೇಳಿ.

ಇಲ್ಲ ಅಂದರೆ ಒತ್ತಾಯ ಬೇಡ. ಗಾಯ ಎಲ್ಲಿದೆ, ಎಷ್ಟಿದೆ ಅಂತ ಸರಿಯಾಗಿ ಬರೆದಿಡಿ, ಮತ್ತೆ ಬರಲು ತಾರೀಖು ಕೊಡಿ. ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ ಅಂತ ದಾಖಲಿಸಬೇಕಾದ ಗಾಯವಾದರೆ ಪೊಲೀಸರಿಗೆ ತಿಳಿಸುವುದನ್ನು ಆಕೆಗೆ ಮುಂಚೆಯೇ ಹೇಳಿ. ದೂರು ಕೊಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂದ ಮೇಲೂ ಇದನ್ನು ಹೇಳಬೇಕಾಗಿದೆ ಅನ್ನುವುದೇ ಬೇಸರ. "ಸ್ವಲ್ಪ ಹೊಂದಿಕೊಂಡು ಹೋಗವ್ವಾ" ಅನ್ನುವ ಮಾತಂತೂ ದಯವಿಟ್ಟು ಬೇಡ.

ಆ ಹೆಣ್ಣುಮಗಳು ಮೊದಲ ದಿನ ಇಲ್ಲ ಅಂದಿದ್ದಳು. ಆರನೇ ವಾರ ಪ್ಲಾಸ್ಟರ್ ಬಿಚ್ಚುವಾಗ ನಾನು ಏನೂ ಕೇಳಿರಲಿಲ್ಲ. ಕಟರ್ ಸದ್ದಿನ ನಡುವೆ ತಾನಾಗಿಯೇ ಅಂದಳು: "ಗುದ್ದಲಿ ಕಾವಿಲೆ ಹೊಡದಾರ್ರಿ."

ದೌರ್ಜನ್ಯಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದ ವಿಷಯ ಹೇಳಿದೆ. ಅಲ್ಲಿ ಉಳಿದುಕೊಳ್ಳಲು ಜಾಗ, ವಕೀಲರ ಸಲಹೆ, ಎರಡೂ ಸಿಗುತ್ತವೆ. ಕರಪತ್ರ ಕೊಡಲಿಲ್ಲ. ಸೆರಗಿನ ಗಂಟಿನಲ್ಲಿ ಸಿಕ್ಕರೆ ಅದೇ ಒಂದು ಜಗಳ. ಮಹಿಳಾ ಸಹಾಯವಾಣಿ 181 ಅನ್ನು ಬಾಯಿಪಾಠ ಮಾಡಿಸಿದೆವು. ಆಕೆಗೆ ಓದು ಬರುತ್ತಿರಲಿಲ್ಲ. ಒಂದು, ಎಂಟು, ಒಂದು ಅಂತ ಸಿಸ್ಟರ್ ಜೊತೆ ಮೂರು ಸಲ ಹೇಳಿದಳು. ಹೊರಗೆ ಗಂಡ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ.