ಕರೆಂಟ್ ಹೋದರೆ ನೆಟ್‌ವರ್ಕೂ ಯಾಕೆ ಹೋಗುತ್ತೆ?

ಓದುಗರ ಪ್ರಶ್ನೆ: ನಮ್ಮದು ಹೊಸನಗರದಿಂದ ಒಳಗಿರುವ ಹಳ್ಳಿ. ಗುಡ್ಡದ ಮೇಲಿನ ಟವರ್ ಮನೆ ಅಂಗಳದಿಂದಲೇ ಕಾಣುತ್ತೆ. ಬೇಸಿಗೆಯಲ್ಲಿ ರೇಂಜ್ ಚೆನ್ನಾಗಿರುತ್ತೆ. ಮಳೆಗಾಲ ಬಂತು ಅಂದ್ರೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತೆ. ಮಗ ಮನೆಯಿಂದಲೇ ಆಫೀಸ್ ಕೆಲಸ ಮಾಡ್ತಾನೆ. ಹೀಗೇ ಆದ್ರೆ ವಾಪಸ್ ಬೆಂಗಳೂರಿಗೆ ಹೋಗ್ತೀನಿ ಅಂತಿದಾನೆ. ಫೋನಲ್ಲಿ ಚಾರ್ಜ್ ಇರುತ್ತಲ್ವಾ, ಮತ್ಯಾಕೆ ನೆಟ್‌ವರ್ಕ್ ಹೋಗಬೇಕು? ಇದು ಮಳೆಯ ತೊಂದರೆಯಾ, ಇಲ್ಲಾ ಕಂಪನಿಯವರೇ ಬೇಕಂತ ಆಫ್ ಮಾಡ್ತಾರಾ?

ಉತ್ತರ: ಇದರಲ್ಲಿ ಮಳೆಯ ಪಾಲು ಕಡಿಮೆ, ಬ್ಯಾಟರಿಯ ಪಾಲು ಜಾಸ್ತಿ. ನಿಮ್ಮ ಫೋನಿನ ಬ್ಯಾಟರಿ ಸರಿಯಾಗೇ ಇದೆ, ಮುಗಿಯುವುದು ಟವರಿನ ಬ್ಯಾಟರಿ. ಬೇಕಂತ ಯಾರೂ ಸ್ವಿಚ್ ಆರಿಸುವುದಿಲ್ಲ. ಆದರೆ ಆರದಂತೆ ನೋಡಿಕೊಳ್ಳಲು ಎಷ್ಟು ಖರ್ಚು ಮಾಡಬೇಕು ಎಂಬುದನ್ನು ಯಾರೋ ಕೂತು ಲೆಕ್ಕ ಹಾಕಿಯೇ ಇರುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಹಳ್ಳಿಗಳಿಗೆ ಸಿಗುವುದು ಸ್ವಲ್ಪವೇ. ಮಲೆನಾಡಿನಲ್ಲಿ ನಾವು ಇಷ್ಟು ವರ್ಷ "ಟವರ್ ಕೊಡಿ" ಅಂತ ಕೇಳಿಕೊಂಡು ಬಂದೆವು. ಟವರ್ ಬಂದ ಊರುಗಳವರು ಈಗ ಕೇಳಬೇಕಾದ್ದು ಬ್ಯಾಟರಿಯನ್ನು.

ಟವರಿನ ಬುಡದಲ್ಲಿ ಬೇಲಿಯೊಳಗೆ ಕಬ್ಬಿಣದ ಪೆಟ್ಟಿಗೆಗಳನ್ನು ನೋಡಿರುತ್ತೀರಿ. ಮೆಸ್ಕಾಂ ಲೈನಿನಿಂದ ಬಂದ ಕರೆಂಟು ಅಲ್ಲಿ 48 ವೋಲ್ಟಿನ ಡಿಸಿ ಆಗಿ ಯಂತ್ರಗಳಿಗೆ ಹೋಗುತ್ತದೆ. ಜೊತೆಗೆ ಬ್ಯಾಟರಿಗಳೂ ಚಾರ್ಜ್ ಆಗುತ್ತಿರುತ್ತವೆ. ಲೈನ್ ಹೋದ ಕ್ಷಣವೇ ಬ್ಯಾಟರಿಯಿಂದ ಕೆಲಸ ಮುಂದುವರಿಯುತ್ತದೆ. ಅದು ಮುಗಿಯುವಷ್ಟರಲ್ಲಿ ಡೀಸೆಲ್ ಜನರೇಟರ್ ಶುರುವಾಗಬೇಕು. ಪೇಟೆಗಳಲ್ಲಿ ಕರೆಂಟೂ ಬೇಗ ಬರುತ್ತದೆ, ಜನರೇಟರಿಗೆ ಡೀಸೆಲ್ ಮುಟ್ಟಿಸುವುದೂ ಸುಲಭ. ಅದಕ್ಕೇ ಶಿವಮೊಗ್ಗದಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಫೋನ್ ನಿಲ್ಲುವುದಿಲ್ಲ. ಹಳ್ಳಿಯ ಎಷ್ಟೋ ಟವರುಗಳಿಗೆ ಜನರೇಟರೇ ಇರುವುದಿಲ್ಲ. ಇದ್ದರೂ ಆಷಾಢದ ಜಡಿಮಳೆಯಲ್ಲಿ, ಜಾರುವ ಮಣ್ಣುರಸ್ತೆಯಲ್ಲಿ ಗುಡ್ಡದ ತುದಿಗೆ ಡೀಸೆಲ್ ಕ್ಯಾನ್ ಹೊರುವವರು ಬೇಕಲ್ಲ.

ಹಾಗಾಗಿ ಎಲ್ಲ ಭಾರವೂ ಬ್ಯಾಟರಿಯ ಮೇಲೆ. ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ಏನಾಗುತ್ತದೋ ಟವರಿನ ಬ್ಯಾಟರಿಗೂ ಅದೇ ಆಗುತ್ತದೆ. ಪದೇ ಪದೇ ಪೂರ್ತಿ ಖಾಲಿಯಾದರೆ ಅದರ ಶಕ್ತಿ ಕುಂದುತ್ತದೆ. ಸೀಸ ಮತ್ತು ಆಸಿಡ್ಡಿನ ಹಳೇ ಬಗೆಯದಾದರಂತೂ ಇದು ಇನ್ನೂ ಬೇಗ ಆಗುತ್ತದೆ. ಹೊಸತರಲ್ಲಿ ಗಂಟೆಗಟ್ಟಲೆ ಬಂದದ್ದು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧವೂ ಬರುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಪೇಚಾಟ ಇದೆ. ಕರೆಂಟ್ ಬಂದರೂ ಒಂದು ಗಂಟೆ ಇದ್ದು ಮತ್ತೆ ಹೋಗುತ್ತದೆ, ಇದ್ದಷ್ಟು ಹೊತ್ತೂ ವೋಲ್ಟೇಜ್ ಇರುವುದಿಲ್ಲ. ಬ್ಯಾಟರಿ ತುಂಬುವುದಕ್ಕೇ ಸಮಯ ಸಿಗುವುದಿಲ್ಲ. ಬೆಳಿಗ್ಗೆ ಕರೆಂಟ್ ಹೋದಾಗ ಮಧ್ಯಾಹ್ನದವರೆಗೆ ಇದ್ದ ಸಿಗ್ನಲ್, ಸಂಜೆ ಮತ್ತೆ ಹೋದಾಗ ಕಾಲು ಗಂಟೆಗೇ ಮಾಯವಾಗುತ್ತದಲ್ವಾ? ಕಾರಣ ಇದು.

ಇನ್ನು ಕೆಲವು ಸಲ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಆ ಕಡ್ಡಿಗಳು ಹೇಳುವುದು ನಿಮ್ಮ ಫೋನಿಗೂ ಹತ್ತಿರದ ಟವರಿಗೂ ಇರುವ ಸಂಬಂಧವನ್ನಷ್ಟೇ. ಆ ಟವರಿನಿಂದ ಮುಂದಕ್ಕೆ ಮಾತು ಫೈಬರ್ ಕೇಬಲ್ಲಿನಲ್ಲಿ ಹೋಗಬೇಕು, ಇಲ್ಲವೇ ಮೈಕ್ರೋವೇವ್ ತಟ್ಟೆಯಿಂದ ಎದುರು ಗುಡ್ಡದ ಟವರಿಗೆ ಹಾರಬೇಕು. ನಿಮ್ಮೂರ ಟವರ್ ಎಚ್ಚರವಿದ್ದು, ಅದು ನೆಚ್ಚಿಕೊಂಡ ದೊಡ್ಡ ಟವರ್ ಮಲಗಿದರೆ ಎಲ್ಲವೂ ನಿಂತ ಹಾಗೇ. ಒಂದು ದೊಡ್ಡ ಟವರಿಗೆ ನಾಲ್ಕೈದು ಹಳ್ಳಿಗಳ ಟವರುಗಳು ಜೋತುಬಿದ್ದಿರುತ್ತವೆ. ಹತ್ತಾರು ಕಿಲೋಮೀಟರ್ ಆಚೆ ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೂ ನಿಮ್ಮೂರಲ್ಲಿ ಫೋನ್ ಸತ್ತಿರುತ್ತದೆ.

ಹಾಗಾದರೆ ಮಳೆಯದ್ದೇನೂ ತಪ್ಪಿಲ್ಲವೇ? ಸ್ವಲ್ಪ ಇದೆ. ಜೋರು ಮಳೆಯಲ್ಲಿ ಟಿವಿಯ ಡಿಶ್ ಚಿತ್ರ ಒಡೆಯುವುದು ನಿಮಗೆ ಗೊತ್ತು. ಅದರ ತರಂಗ 10 ಗಿಗಾಹರ್ಟ್ಸ್‌ಗಿಂತ ಮೇಲಿನದು, ಮಳೆಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಟವರಿಂದ ಟವರಿಗೆ ಹೋಗುವ ಎಷ್ಟೋ ಮೈಕ್ರೋವೇವ್ ಕೊಂಡಿಗಳದ್ದೂ ಇದೇ ಕತೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಕಾಣುವ ಆಗುಂಬೆಯಂಥ ಕಡೆ ಇದು ಚಿಕ್ಕ ವಿಷಯವಲ್ಲ. ಆದರೆ ಟವರಿಂದ ನಿಮ್ಮ ಫೋನಿಗೆ ಬರುವ 4ಜಿ ತರಂಗಗಳು ಇದಕ್ಕಿಂತ ಎಷ್ಟೋ ಕೆಳಗಿನವು. 700 ಮೆಗಾಹರ್ಟ್ಸ್‌ನಿಂದ 2,300 ಮೆಗಾಹರ್ಟ್ಸ್ ಒಳಗಿನ ಆ ತರಂಗಗಳಿಗೆ ಗಾಳಿಯಲ್ಲಿರುವ ಮಳೆಹನಿ ದೊಡ್ಡ ಅಡ್ಡಿಯಲ್ಲ. ಅಡ್ಡಿ ಮಾಡುವುದು ಗುಡ್ಡ, ಮತ್ತೆ ಒದ್ದೆ ಎಲೆ. ಮಳೆಗಾಲದಲ್ಲಿ ಕಾಡು ದಟ್ಟವಾಗಿ ಎಲೆಗಳೆಲ್ಲ ತೊಯ್ದಿರುತ್ತವೆ. ಮೇಲಿನ ತರಂಗಗಳು ಅಲ್ಲೇ ಸೋಲುತ್ತವೆ, 700, 850, 900ರ ತರಂಗಗಳು ನುಸುಳಿ ಬರುತ್ತವೆ. ಒಂದೇ ಮನೆಯಲ್ಲಿ ಒಂದು ಸಿಮ್ಮಿಗೆ ಮರಗಳ ಹಾಡಿಯೊಳಗೂ ಸಿಗ್ನಲ್ ಸಿಕ್ಕಿ, ಇನ್ನೊಂದಕ್ಕೆ ಜಗಲಿಗೆ ಬರಬೇಕಾಗುವುದಕ್ಕೆ ಇದೂ ಒಂದು ಕಾರಣ.

ಅಂದರೆ ಮಳೆ ನೆಟ್‌ವರ್ಕನ್ನು ಕೆಡಿಸುವುದು ಹೆಚ್ಚಾಗಿ ಮರ ಬೀಳಿಸಿ. ಮಲೆನಾಡಿನಲ್ಲಿ 11 ಕೆವಿ ಲೈನುಗಳು ಕಾನಿನೊಳಗೆ, ಅಕೇಶಿಯಾ ಪ್ಲಾಂಟೇಶನ್ ಪಕ್ಕದಲ್ಲಿ ಮೈಲುಗಟ್ಟಲೆ ಹೋಗುತ್ತವೆ. ಗಾಳಿಮಳೆಗೆ ಅಕೇಶಿಯಾ ಬುಡಸಮೇತ ಮಗುಚುತ್ತದೆ. ಎಲ್ಲಿ ತಂತಿ ಹರಿದಿದೆ ಅಂತ ಲೈನ್‌ಮ್ಯಾನ್‌ಗಳು ಉಂಬಳ (ಜಿಗಣೆ) ಕಚ್ಚಿಸಿಕೊಂಡು ನಡೆದೇ ಹುಡುಕಬೇಕು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮನಸ್ಸು ನನಗಿಲ್ಲ. ಆದರೆ ಒಂದು ಮಾತು ಹೇಳದೇ ಇರಲಾರೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಇಡೀ ರಾಜ್ಯಕ್ಕೆ ಬೆಳಕು ಕೊಡಲಿಕ್ಕೆ ಅಂತ ಮನೆ, ಗದ್ದೆ, ತೋಟ ಎಲ್ಲ ಬಿಟ್ಟು ಎದ್ದು ಬಂದ ಕುಟುಂಬಗಳು ಈ ಜಿಲ್ಲೆಯಲ್ಲೇ ಇವೆ. ಅವರ ಮೊಮ್ಮಕ್ಕಳು ಮಳೆಗಾಲದಲ್ಲಿ ದಿನಗಟ್ಟಲೆ ಕತ್ತಲೆಯಲ್ಲಿ ಕೂರುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಈ ಮಾತು ಎತ್ತಿದಾಗ ಹಿರಿಯರು ಕೆಲವರು "ಹಿಂದೆ ಮೊಬೈಲೇ ಇರಲಿಲ್ಲ, ನಾವು ಬದುಕಲಿಲ್ವಾ" ಅನ್ನುತ್ತಾರೆ. ಬದುಕಿದರು, ನಿಜ. ಆದರೆ ಆಗ ಮನೆಯಲ್ಲಿ ಜನ ಇದ್ದರು. ಇವತ್ತು ಎಷ್ಟೋ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ, ಮಕ್ಕಳು ದೂರದ ಊರಲ್ಲಿ. ರಾತ್ರಿ ಹೊತ್ತು ಹಾವು ಕಚ್ಚಿದರೆ, ಎದೆನೋವು ಬಂದರೆ ಜೀಪಿನವರನ್ನು ಕರೆಯಬೇಕಾದ್ದು ಫೋನಿನಲ್ಲೇ. ರೇಷನ್ನಿಗೆ ಬೆರಳು ಒತ್ತಿದರೂ ನೆಟ್ ಬೇಕು. ಗ್ಯಾಸ್, ಬ್ಯಾಂಕ್ ಎಲ್ಲಕ್ಕೂ ಒಟಿಪಿ. ಮತ್ತೊಂದು ವಿಷಯ ನೆನಪು ಮಾಡಿಕೊಳ್ಳಿ: ಹಳೇ ಲ್ಯಾಂಡ್‌ಲೈನ್ ಕರೆಂಟ್ ಹೋದರೂ ಕೆಲಸ ಮಾಡುತ್ತಿತ್ತು. ಆ ಫೋನಿಗೆ ಬೇಕಾದ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಆ ಅನುಕೂಲವನ್ನು ಕಳೆದುಕೊಂಡು ಮೊಬೈಲಿಗೆ ಬಂದಿದ್ದೇವೆ. ಬದಲಿಗೆ ಸಿಗಬೇಕಾದ್ದನ್ನು ಕೇಳುವುದರಲ್ಲಿ ದುರಾಸೆ ಏನಿದೆ?

ಕೋವಿಡ್ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಸಾಗರ, ಹೊಸನಗರ ಕಡೆಯ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್ ನೋ ವೋಟಿಂಗ್" ಅಂತ ಜನ ಅಭಿಯಾನವನ್ನೇ ಮಾಡಿದರು. ಟವರ್ ಇಲ್ಲದ ಊರುಗಳಿಗಾಗಿ ಕೇಂದ್ರ ಸರ್ಕಾರವೂ 2022ರ ಜುಲೈನಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದನ್ನು ಬಿಎಸ್‌ಎನ್‌ಎಲ್ ಮಾಡುತ್ತಿದೆ. ಇವುಗಳಲ್ಲಿ ಸೋಲಾರ್ ಹಲಗೆ ಹಾಕಿದ ಟವರುಗಳೂ ಇವೆ. ಒಳ್ಳೆಯದೇ, ಆದರೆ ನಮ್ಮ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಅಲ್ಲಿಯೂ ಬ್ಯಾಟರಿ ದೊಡ್ಡದಿರಲೇಬೇಕು.

ಕಂಪನಿಗಳನ್ನು ಕೇಳುವವರು ಯಾರೂ ಇಲ್ಲವೇ ಅಂದರೆ, ದೂರಸಂಪರ್ಕ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಪ್ರಾಧಿಕಾರ, ಟ್ರಾಯ್ ಇದೆ. ಅದು 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಯಮ ತಂದಿತು. ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗಿಂತ ಜಾಸ್ತಿ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲಿನಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ಪ್ರಕೃತಿ ವಿಕೋಪಕ್ಕೆ ವಿನಾಯಿತಿ. ನಿಯಮ ಒಳ್ಳೆಯದೇ, ಆದರೆ ಅಳತೆ ಜಿಲ್ಲೆಯದು. ಮೂರು ಹಳ್ಳಿಗಳಲ್ಲಿ ನಾಲ್ಕು ದಿನ ಫೋನ್ ಇಲ್ಲದಿದ್ದರೂ ಜಿಲ್ಲೆಯ ಲೆಕ್ಕದಲ್ಲಿ ಅದು ಕಾಣಿಸುವುದೇ ಇಲ್ಲ. ಟವರ್ ಟವರಿನ ಲೆಕ್ಕ ಬರುವವರೆಗೆ ಮಲೆನಾಡಿನ ಹಳ್ಳಿಗೆ ಇದರಿಂದ ಉಪಯೋಗ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಿಮ್ಮ ಮಗನ ವಿಷಯಕ್ಕೆ ಬರೋಣ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಮಳೆಗಾಲದಲ್ಲಿ ಆಫೀಸ್ ಕೆಲಸ ಮಾಡುವುದು ಬೇಡ. ಊರಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ. ಮನೆಗೆ ಬರುವ ಫೈಬರಿಗೆ ನಡುದಾರಿಯಲ್ಲಿ ಕರೆಂಟೇ ಬೇಡ. ಎಕ್ಸ್‌ಚೇಂಜಿನ ಕಡೆ ಒಂದು ಯಂತ್ರ, ನಿಮ್ಮ ಮನೆಯ ಮೋಡೆಮ್, ಈ ಎರಡು ತುದಿ ಎಚ್ಚರವಿದ್ದರೆ ಸಾಕು. ಎಕ್ಸ್‌ಚೇಂಜಿನ ತುದಿಯಲ್ಲಿ ಬ್ಯಾಕಪ್ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಕನೆಕ್ಷನ್ ಕೊಡುವವರನ್ನು ಮೊದಲೇ ಕೇಳಿ. ಎಷ್ಟು ಎಂಬಿ ಸ್ಪೀಡ್ ಅಂತ ಕೇಳುವುದಕ್ಕಿಂತ ಇದು ಮುಖ್ಯ. ನಿಮ್ಮ ತುದಿಯದ್ದು ಸುಲಭ. ಮೋಡೆಮ್ ತಿನ್ನುವುದು ಹೆಚ್ಚಾಗಿ 10–20 ವ್ಯಾಟ್ ಅಷ್ಟೇ. ಇನ್ವರ್ಟರಿಗೆ ಅದನ್ನು ಸೇರಿಸಿ, ಟಿವಿ, ಮಿಕ್ಸಿ ತೆಗೆದುಬಿಡಿ. ಇನ್ವರ್ಟರ್ ಇಲ್ಲದವರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ತಳ್ಳಬಹುದು. ಸಿಡಿಲು ಗುಡುಗು ಇದ್ದಾಗ ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯಬೇಡಿ. ಫೈಬರ್ ಗಾಜಿನದ್ದಾದರೂ ಕರೆಂಟಿನ ವಯರ್ ಮೂಲಕ ಸಿಡಿಲು ಮೋಡೆಮ್ಮಿಗೆ ಬರುತ್ತದೆ.

ಫೈಬರ್ ಇದ್ದರೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ನಿಮ್ಮ ಕಂಪನಿ ಆ ಸೌಲಭ್ಯ ಕೊಡುತ್ತಿದ್ದರೆ ಟವರ್ ಸತ್ತಿದ್ದರೂ ಸಾಮಾನ್ಯ ಕಾಲ್ ಮನೆಯ ವೈಫೈ ಮೂಲಕ ಹೋಗುತ್ತದೆ, ಒಟಿಪಿ ಕೂಡ ಹೆಚ್ಚಾಗಿ ಬರುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಕಂಪನಿಯ ಸಿಮ್ ಇಟ್ಟುಕೊಳ್ಳಬೇಡಿ. 2025ರ ಜನವರಿಯಿಂದ ಇನ್ನೊಂದು ಅನುಕೂಲ ಆಗಿದೆ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ಎದ್ದ 4ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಒಬ್ಬರ ಟವರನ್ನು ಇನ್ನೊಬ್ಬರು ಬಳಸಬಹುದು. ಹತ್ತಿರ ಅಂಥ ಟವರ್ ಇದೆಯಾ ವಿಚಾರಿಸಿ. ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬಂದರೆ ಬೇರೆ ಕಂಪನಿಯ ಟವರ್ ಎಲ್ಲೋ ಎಚ್ಚರವಿದೆ ಅಂತ ಅರ್ಥ. ಆಗ 112ಕ್ಕೆ ಕಾಲ್ ಹೋಗುತ್ತದೆ. ಮನೆಯಲ್ಲಿರುವ ವಯಸ್ಸಾದವರಿಗೆ ಇದನ್ನು ಹೇಳಿಕೊಟ್ಟಿರಿ.

"ಮಗ ಮನೇಲೇ ಕೂತಿದಾನೆ, ಕೆಲಸ ಹೋಯ್ತಾ" ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಊರಲ್ಲಿ ಸಂಬಳ ದುಡಿಯುತ್ತಾ ಅಪ್ಪ ಅಮ್ಮನ ಜೊತೆ, ತೋಟದ ಜೊತೆ ಇರುವ ಹುಡುಗರು ಮಲೆನಾಡಿಗೆ ಬೇಕು. ಅವರನ್ನು ಓಡಿಸುವುದು ಒಂದು ಬ್ಯಾಟರಿಯಾಗಬಾರದು.

ದೂರು ಕೊಡುವಾಗ "ನೆಟ್‌ವರ್ಕ್ ಸರಿಯಿಲ್ಲ" ಅಂತ ಬರೆದರೆ ಅದು ಮೂಲೆ ಸೇರುತ್ತದೆ. ಮಳೆಗಾಲದಲ್ಲಿ ಒಂದು ನೋಟ್‌ಬುಕ್ ಇಡಿ. ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಸಿಗ್ನಲ್ ಎಷ್ಟು ಹೊತ್ತಿಗೆ ಹೋಯಿತು, ಎರಡೂ ಯಾವಾಗ ಬಂದವು, ತಾರೀಕಿನ ಜೊತೆ ಬರೆಯಿರಿ. ನಾಲ್ಕು ಮನೆಯವರು ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು. ಅದನ್ನು ಕಂಪನಿಯ ಕಸ್ಟಮರ್ ಕೇರ್‌ಗೆ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಸರಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆಮೇಲೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲಿಗೆ ಹಾಕಿ. ಟವರ್‌ನ ಬ್ಯಾಟರಿ ಬದಲಿಸಿ, ಜನರೇಟರ್ ಕೊಡಿ ಅಂತ ಬೇಡಿಕೆಯನ್ನು ಬಿಡಿಸಿ ಬರೆಯಿರಿ. ಇನ್ನೊಂದು ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ. ಮೆಸ್ಕಾಂ ಕಚೇರಿಗೂ ಒಂದು ಅರ್ಜಿ ಇರಲಿ: ಟವರಿಗೆ ಕರೆಂಟ್ ಕೊಡುವ ಟಿಸಿಯವರೆಗಿನ (ಟ್ರಾನ್ಸ್‌ಫಾರ್ಮರ್‌ವರೆಗಿನ) ಲೈನಿನ ಮೇಲೆ ಬಾಗಿದ ಕೊಂಬೆಗಳನ್ನು ಮಳೆಗೆ ಮುಂಚೆ, ಏಪ್ರಿಲ್–ಮೇ ಒಳಗೆ ಸವರಿಸಿ ಅಂತ. ಜೂನ್ ಬಂದ ಮೇಲೆ ಕೊಟ್ಟ ಅರ್ಜಿಗೆ ಆ ವರ್ಷ ಯಾರೂ ಮರ ಹತ್ತುವುದಿಲ್ಲ.