ಮೈ ಬಗ್ಗಲ್ಲ, ಕ್ಲಾಸಿಗೆ ಬರಬಹುದಾ ಅಂತ ಕೇಳೋರಿಗೆ

"ಮೇಡಂ, ನಂಗೆ ಮೈ ಬಗ್ಗೋದೇ ಇಲ್ಲ, ಕಾಲು ಚಾಚಿ ಕೂತರೆ ಹೆಬ್ಬೆರಳು ಮುಟ್ಟಕ್ಕಾಗಲ್ಲ, ನಿಮ್ಮ ಸೊಮ್ಯಾಟಿಕ್ ಕ್ಲಾಸಿಗೆ ಬರಬಹುದಾ?"

ಬನ್ನಿ. ಸೊಮ್ಯಾಟಿಕ್ ಅಂದ್ರೆ ಮೈ ಎಲ್ಲಿ ಹೇಗಿದೆ ಅಂತ ನಿಧಾನಕ್ಕೆ ಅಲುಗಾಡ್ತಾ ಒಳಗಿಂದಲೇ ಗಮನಿಸೋದು, ಅಷ್ಟೇ. ಸಡಿಲ ಬಟ್ಟೆ ಹಾಕ್ಕೊಂಡು, ಹೊಟ್ಟೆ ಬಿರಿಯ ತಿನ್ನದೆ ಬನ್ನಿ, ಈಚೆಗೆ ಆಪರೇಷನ್ ಆಗಿದ್ರೆ ಡಾಕ್ಟರನ್ನ ಒಂದು ಮಾತು ಕೇಳಿ ಬನ್ನಿ. ವಾರಕ್ಕೆ ನಾಲ್ಕು ಸಲ ಇದನ್ನೇ ಟೈಪ್ ಮಾಡ್ತೀನಿ, ಅದಕ್ಕೇ ಇವತ್ತು ಪೂರ್ತಿ ಬರೀತಿದೀನಿ.

ಮೈ ಬಗ್ಗೋದು ಬೇರೆ, ಮೈ ಗೊತ್ತಾಗೋದು ಬೇರೆ. ರಬ್ಬರ್ ಥರ ಬಗ್ಗೋರಿಗೆ ತಮ್ಮ ದೇಹ ಚೆನ್ನಾಗಿ ಗೊತ್ತಿರತ್ತೆ ಅನ್ನೋ ನಂಬಿಕೆ ಎಷ್ಟು ಹೇಳಿದ್ರೂ ಹೋಗ್ತಾನೇ ಇಲ್ಲ. ಹತ್ತು ವರ್ಷ ಭರತನಾಟ್ಯ ಕಲಿತ ಹುಡುಗಿ ಒಬ್ಳು ಬಂದಿದ್ಲು, ಕಾಲು ಎತ್ತಿದ್ರೆ ಕಿವಿ ಪಕ್ಕಕ್ಕೆ ಬರೋದು. ಕಣ್ಮುಚ್ಚಿ ಅರಮಂಡಿಗೆ (ಮಂಡಿ ಹೊರಕ್ಕೆ ಮಡಚಿ ಅರ್ಧ ಕೂರೋ ಭಂಗಿ) ಬಾ, ಎಡಮಂಡಿ ಯಾವ ಕಾಲ್ಬೆರಳಿನ ನೇರಕ್ಕಿದೆ ಹೇಳು ಅಂದೆ. "ಕಿರುಬೆರಳು" ಅಂದ್ಲು. ಕಣ್ಣು ಬಿಟ್ಟು ನೋಡಿದ್ರೆ ಮಂಡಿ ಹೆಬ್ಬೆರಳಿಗಿಂತ ಒಳಗೆ ಬಿದ್ದಿತ್ತು, ಪಾಪ ಗಾಬರಿಯಾದ್ಲು. ಅದೇ ದಿನ ಪಕ್ಕದ ಚಾಪೆ ಮೇಲೆ ಅಂಗಾತ ಮಲಗಿದ್ದ ಅರವತ್ತು ದಾಟಿದ ಅಮ್ಮ, ಸೊಂಟ ಹಿಡ್ಕೊಂಡು ಬಂದೋರು, ಐದೇ ನಿಮಿಷಕ್ಕೆ "ಬಲಭುಜದ ಹಿಂದಿನ ಮೂಳೆ ನೆಲಕ್ಕೆ ಒತ್ತತಿದೆ ಕಣಮ್ಮ, ಎಡಗಡೇದು ತಾಗ್ತಾನೇ ಇಲ್ಲ" ಅಂದ್ರು. ಈ ಕ್ಲಾಸಿಗೆ ಬೇಕಾಗಿರೋದು ಇದು!

ಕಣ್ಮುಚ್ಚಿದ್ರೂ ತುತ್ತು ಬಾಯಿಗೇ ಹೋಗತ್ತಲ್ಲ, ಯಾಕೆ? ಸ್ನಾಯು ಎಷ್ಟು ಜಗ್ಗಿದೆ, ಕೀಲು ಎಷ್ಟು ಮಡಚಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋ ಸೆನ್ಸರ್‌ಗಳು ಮೈಯೊಳಗೇ ಇವೆ. 1906ರಲ್ಲಿ ಇಂಗ್ಲೆಂಡಿನ ನರವಿಜ್ಞಾನಿ ಶೆರಿಂಗ್ಟನ್ ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ರು. ಈ ಸುದ್ದಿ ಕೇಳಿಸ್ಕೊಳ್ಳೋಕೆ ಜೋರು ಮಾಡಬಾರದು. 25 ಕೆಜಿ ಅಕ್ಕಿ ಮೂಟೆ ಹೊತ್ತಾಗ ಯಾರಾದ್ರೂ ಮೇಲಿಂದ ಒಂದು ಹಿಡಿ ಅಕ್ಕಿ ಹಾಕಿದ್ರೆ ಗೊತ್ತಾಗಲ್ಲ, ಅದೇ ಹಿಡಿ ಬರೀ ಅಂಗೈಗೆ ಬಿದ್ರೆ ತಕ್ಷಣ ಗೊತ್ತಾಗತ್ತೆ. ಹಲ್ಲು ಕಚ್ಚಿ ಸ್ಟ್ರೆಚ್ ಮಾಡೋದು ಅಂದ್ರೆ ಮೂಟೆ ಹೊತ್ಕೊಂಡು ಹಿಡಿ ಅಕ್ಕಿ ಹುಡುಕಿದ ಹಾಗೆ. ಫಿಸಿಕ್ಸ್ ಓದಿ ಜೂಡೋ ಕಲಿಸ್ತಿದ್ದ ಮೊಶೆ ಫೆಲ್ಡೆನ್‌ಕ್ರೈಸ್ (1904–1984) ಮಂಡಿಗೆ ಪೆಟ್ಟಾದ ಮೇಲೆ ತಮ್ಮ ಓಡಾಟವನ್ನೇ ಗಮನಿಸ್ತಾ ಕಟ್ಟಿದ ಪದ್ಧತೀಲೂ ಇದೇ ಲೆಕ್ಕ: ಸಣ್ಣಗೆ, ನಿಧಾನಕ್ಕೆ, ಅರ್ಧ ಶಕ್ತಿಗಿಂತ ಕಡಿಮೆ. ಹೆಬ್ಬೆರಳು ಮುಟ್ಟದಿದ್ರೆ ಬಿಡಿ, ಎಲ್ಲಿ ತಡೀತಿದೆ, ತೊಡೆ ಹಿಂದೆನಾ, ಬೆನ್ನಲ್ಲಾ, ಉಸಿರು ಬಿಗಿಹಿಡಿದಿದ್ದೀರಾ, ಅದನ್ನ ಹೇಳಿ ಸಾಕು.

ಇನ್ನೊಂದು ಪ್ರಶ್ನೆ ಇದೆ, ಬಾಯಿಬಿಟ್ಟು ಯಾರೂ ಕೇಳಲ್ಲ, ಆದ್ರೆ ಬಂದ ದಿನ ಗೋಡೆ ಕಡೆ ನೋಡ್ತಾರೆ: ಕನ್ನಡಿ ಎಲ್ಲಿ? ಬೇಕಂತಲೇ ಮುಚ್ಚಿದೀನಿ, ಯಾಕೆ ಅಂತ ಹೇಳ್ತೀನಿ ಕೇಳಿ. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅನ್ನೋರಿಗೆ 1971ರಲ್ಲಿ, 19ನೇ ವಯಸ್ಸಲ್ಲಿ, ಕಾಯಿಲೆ ಬಂದು ಕತ್ತಿನ ಕೆಳಗೆ ಈ ಒಳಗಿನ ಸುದ್ದಿ ಪೂರಾ ನಿಂತೋಯ್ತು. ಸ್ನಾಯು ಸರಿಯಾಗೇ ಇತ್ತು, ಆದ್ರೂ ಎದ್ದು ಕೂರಕ್ಕಾಗ್ತಿರಲಿಲ್ಲ. ಕಣ್ಣಲ್ಲಿ ಕೈಕಾಲು ನೋಡ್ಕೊಂಡೇ ಮತ್ತೆ ನಡೆಯೋದು ಕಲಿತ್ರು, ಎಂಥ ಛಲ ನೋಡಿ, ಆದ್ರೆ ದೀಪ ಆರಿದ್ರೆ ಕುಸಿದುಬೀಳ್ತಿದ್ರು. ನಮಗೆ ಆ ಸುದ್ದಿ ಬರ್ತಾನೇ ಇದೆ, ಕನ್ನಡಿ ಎದುರಿಗಿದ್ರೆ ಮಾತ್ರ ಕಣ್ಣೇ ಮುಂದೆ ನುಗ್ಗತ್ತೆ. ಅದಕ್ಕೇ ನಮ್ಮ ಹಾಲಲ್ಲಿದ್ದ ಕನ್ನಡಿಗೆ ಹಳೇ ಬೆಡ್‌ಶೀಟ್ ಕಟ್ಟಿದೀನಿ. ಡ್ಯಾನ್ಸ್ ಕಲಿತು ಬಂದೋರು ಮೊದಲೆರಡು ವಾರ ಆ ಬೆಡ್‌ಶೀಟ್ ಕಡೆಗೇ ಮುಖ ಮಾಡಿ ನಿಲ್ತಾರೆ.