ಝೆನೋಡೋದಲ್ಲಿ ಪಬ್ಲಿಷ್ ಒತ್ತಿದ ಮೇಲೆ ತಪ್ಪು ಕಂಡರೆ ತಿದ್ದಬಹುದಾ?

ಪಿಎಚ್‌ಡಿ ಮಾಡುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ಜರ್ನಲ್‌ನವರು ಡೇಟಾ ಎಲ್ಲಿದೆ ಅಂತ ಕೇಳುತ್ತಾರೆ, ಗೈಡ್ ಝೆನೋಡೋಗೆ (ಸಂಶೋಧನೆಯ ಡೇಟಾ ಇಡುವ ಆನ್‌ಲೈನ್ ಭಂಡಾರ) ಹಾಕು ಅನ್ನುತ್ತಾರೆ, ಹಾಕಿ ಮುಗಿಸಿದ ಮೇಲೆ ಏನೋ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ.

ವಿವರಗಳನ್ನು ತಿದ್ದಬಹುದು. ಫೈಲ್‌ಗಳನ್ನು ತಿದ್ದಲಾಗದು ಅಂತಲೇ ಇಟ್ಟುಕೊಳ್ಳಿ. ಅಂದರೆ ಶೀರ್ಷಿಕೆ, ಲೇಖಕರ ಹೆಸರು, ವಿವರಣೆ, ಕೀವರ್ಡ್, ಇವೆಲ್ಲ ಮೆಟಾಡೇಟಾ. ಯಾವಾಗ ಬೇಕಾದರೂ ಎಡಿಟ್ ಮಾಡಬಹುದು. ಫೈಲ್ ಮಾತ್ರ ಬೀಗ ಬಿದ್ದ ಹಾಗೆ. ಹಾಕಿದ ಹೊಸದರಲ್ಲೇ ತಪ್ಪು ಗೊತ್ತಾದರೆ ಸ್ವಲ್ಪ ರಿಯಾಯಿತಿ ಸಿಗಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ಯಾಕೆ ಇಷ್ಟು ಬಿಗಿ? ನಿಮ್ಮ ಡೇಟಾಗೆ ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಸಿಗುತ್ತದಲ್ವಾ, ಕಾರಣ ಅದೇ. ಇಂದು ಯಾರೋ ಆ ಡಿಒಐ ಹಾಕಿ ಪ್ರಬಂಧ ಬರೆದರೆ, ಹತ್ತು ವರ್ಷದ ಮೇಲೂ ಅಲ್ಲಿ ಅದೇ ಫೈಲ್ ಸಿಗಬೇಕು. ಜಿನೀವಾದ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್ 2013ರಿಂದ ಝೆನೋಡೋ ನಡೆಸುತ್ತಿರುವುದೇ ಈ ಭರವಸೆಯ ಮೇಲೆ.

ಹಾಗಾದರೆ ತಪ್ಪು ಫೈಲ್ ಗತಿ? 'ನ್ಯೂ ವರ್ಶನ್' ಒತ್ತಿ ಸರಿಯಾದದ್ದನ್ನು ಹಾಕಿ. ಅದಕ್ಕೆ ಹೊಸ ಡಿಒಐ ಬರುತ್ತದೆ, ಹಳೆಯದೂ ಇರುತ್ತದೆ. ಇವೆರಡರ ಜೊತೆ ಎಲ್ಲ ಆವೃತ್ತಿಗೂ ಸೇರಿದ ಇನ್ನೊಂದು ಡಿಒಐ ಇದೆ, ಅದು ಯಾವಾಗಲೂ ಹೊಸ ಆವೃತ್ತಿಗೇ ಕರೆದೊಯ್ಯುತ್ತದೆ. ಪ್ರಬಂಧದಲ್ಲಿ ಹಾಕಬೇಕಾದ್ದು ನೀವು ಲೆಕ್ಕಕ್ಕೆ ಬಳಸಿದ ಆವೃತ್ತಿಯ ಡಿಒಐ. ಪಬ್ಲಿಷ್ ಮಾಡುವ ಮೊದಲೇ ಡಿಒಐ ಕಾದಿರಿಸಿಕೊಳ್ಳಬಹುದು ಅನ್ನುವುದು ಸುಮಾರು ಜನಕ್ಕೆ ಗೊತ್ತೇ ಇಲ್ಲ.

ನನ್ನನ್ನು ಕೇಳಿದರೆ, ಕಣ್ಣು ತೆರೆದು ನೋಡಬೇಕಾದ್ದು ಫೈಲ್ ಒಳಗೆ. ಮಳೆ ಅಳತೆಯ ಒಂದು ಪಟ್ಟಿ ತಗೊಳ್ಳಿ. ದಿನಾಂಕ 04-05-2023 ಅಂತಿದೆ. ನಮಗೆ ಅದು ಮೇ 4, ಅಮೆರಿಕದವರಿಗೆ ಏಪ್ರಿಲ್ 5. 2023-05-04 ಅಂತ ಬರೆದರೆ ಜಗಳವೇ ಇಲ್ಲ. ಪಕ್ಕದ ಕಾಲಂನಲ್ಲಿ 0 ಇದೆ. ಅವತ್ತು ಮಳೆ ಬರಲಿಲ್ವಾ, ಅಥವಾ ಯಾರೂ ಅಳೆಯಲಿಲ್ವಾ? ಅಳೆಯದ ದಿನವನ್ನು ಖಾಲಿ ಬಿಟ್ಟು, ಖಾಲಿ ಅಂದರೆ ಏನು ಅಂತ ಡೇಟಾ ಜೊತೆ ಇಡುವ ವಿವರಣೆಯ ರೀಡ್‌ಮಿ ಫೈಲಿನಲ್ಲಿ ಒಂದು ಸಾಲು ಬರೆಯಿರಿ. ಯಾವ ಕಾಲಂ ಏನು, ಅಳತೆ ಮಿಲಿಮೀಟರೋ ಸೆಂಟಿಮೀಟರೋ, ಅದೂ ಅಲ್ಲೇ ಇರಲಿ.

ಊರಿನ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ತಾಪತ್ರಯ. ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಿ ಕಾಣುತ್ತದೆ. ಮೊದಲು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್‌ಗೆ ಬದಲಿಸಿ, ಸಿಎಸ್‌ವಿ (ಪಟ್ಟಿಯ ಸರಳ ಪಠ್ಯ ಫೈಲ್) ಅನ್ನು ಯುನಿಕೋಡ್‌ನ ಯುಟಿಎಫ್-8 ಆಗಿ ಸೇವ್ ಮಾಡಿ, ಬೇರೆಯವರ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೆರೆದು ನೋಡಿ.

ಒಂದು ದಾಖಲೆಗೆ 100 ಫೈಲ್, 50 ಜಿಬಿ, ಮಾಮೂಲಿ ಮಿತಿ ಇಷ್ಟು. ಫೋಲ್ಡರ್ ಹಾಗೇ ಹತ್ತಿಸಲು ಬರುವುದಿಲ್ಲ, ಜಿಪ್ ಮಾಡಬೇಕು.

ಮೆಟಾಡೇಟಾ ಆಮೇಲೆ ತಿದ್ದಬಹುದು ಅಂತ ಸುಮ್ನೆ 'ಡೇಟಾ ಫೈನಲ್' ಅಂತ ಶೀರ್ಷಿಕೆ ಕೊಟ್ಟರೆ ಹುಡುಕುವವರಿಗೆ ಸಿಗುವುದಾದರೂ ಹೇಗೆ? ಏನು, ಎಲ್ಲಿಯದು, ಯಾವ ವರ್ಷದ್ದು, ಮೂರೂ ಶೀರ್ಷಿಕೆಯಲ್ಲೇ ಬರಲಿ. ಹೆಸರಿನ ಖಾನೆಯಲ್ಲಿ ನಮ್ಮವರಿಗೆ ಗೊಂದಲ ಜಾಸ್ತಿ, ಇನಿಷಿಯಲ್ ಇಟ್ಟುಕೊಂಡವರು ಮನೆತನದ ಹೆಸರು ಕೇಳಿದರೆ ಏನು ಬರೀಬೇಕು? ಒಂದು ರೀತಿ ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಬರೆಯಿರಿ, ಆರ್ಕಿಡ್ (ORCID, ಸಂಶೋಧಕರಿಗೆ ಕೊಡುವ ಗುರುತಿನ) ಸಂಖ್ಯೆ ಸೇರಿಸಿ. ಆಮೇಲೆ ಹೆಸರು ಹೇಗೇ ಬರೆದಿದ್ದರೂ ನೀವು ನೀವೇ ಅಂತ ಗೊತ್ತಾಗುತ್ತದೆ.

ಸಮೀಕ್ಷೆಯ ಡೇಟಾ ಆದರೆ ಜನರ ಹೆಸರು, ಮೊಬೈಲ್ ನಂಬರ್ ತೆಗೆದೇ ಹಾಕಬೇಕು. ಆಮೇಲೆ ಫೈಲ್ ಅಳಿಸಿದರೂ ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಅದು ಉಳಿದಿರುತ್ತದೆ. ಎಲ್ಲರಿಗೂ ತೋರಿಸಲಾಗದ ಡೇಟಾಗೆ 'ರಿಸ್ಟ್ರಿಕ್ಟೆಡ್' ಆಯ್ಕೆ ಇದೆ. ಇನ್ನೂ ಕೈ ನಡುಗುತ್ತಿದ್ದರೆ ಅಭ್ಯಾಸಕ್ಕೆ ಅಂತಲೇ ಝೆನೋಡೋದ್ದೇ ಸ್ಯಾಂಡ್‌ಬಾಕ್ಸ್ ತಾಣ ಇದೆ, ಬೇರೆ ಅಕೌಂಟ್ ಮಾಡಿಕೊಂಡು ಅಲ್ಲಿ ಒಂದು ಸಲ ಪೂರ್ತಿ ಹಾಕಿ ನೋಡಿ. ಅಲ್ಲಿ ಸಿಗುವ ಡಿಒಐ ನಿಜವಾದದ್ದಲ್ಲ, ಅದನ್ನು ಪ್ರಬಂಧಕ್ಕೆ ಅಂಟಿಸಿಬಿಡಬೇಡಿ ಅಷ್ಟೇ.